ಮಾಸ್ಕ್ ದಂಡ ಎಷ್ಟು? ಯಾವ ತಿಂಗಳು ಅಂತ ಹೇಳಿ

ಕೇಳ್ತಾ ಇರೋ ಎಲ್ಲರಿಗೂ ನಮಸ್ಕಾರ.

2020ರ ಕೋವಿಡ್ ಕಾಲದಲ್ಲಿ ಬೆಂಗಳೂರಲ್ಲಿ ಮಾಸ್ಕ್ ಹಾಕದಿದ್ರೆ ದಂಡ ಎಷ್ಟಿತ್ತು ಅಂತ ಯಾರಾದ್ರೂ ಕೇಳಿದ್ರೆ, ಯಾವ ತಿಂಗಳು ಸ್ವಾಮಿ ಅಂತ ನಾವು ವಾಪಸ್ ಕೇಳ್ಬೇಕಾಗತ್ತೆ. ಮೇ ತಿಂಗಳ ಶುರುನಲ್ಲಿ 1000 ರೂಪಾಯಿ, ಎರಡನೇ ಸಲ ಸಿಕ್ಕಿಬಿದ್ರೆ 2000. ಜನ ಬಾಯಿ ಬಾಯಿ ಬಡ್ಕೊಂಡ್ರು, ಕೆಲವೇ ದಿನದಲ್ಲಿ 200ಕ್ಕೆ ಇಳೀತು. ಅಕ್ಟೋಬರ್ ಹೊತ್ತಿಗೆ ಮತ್ತೆ 1000 ಆಯ್ತು, ಹಳ್ಳಿ ಕಡೆ 500, ಆಮೇಲೆ ಒಂದು ವಾರ ಕಳೆದಿತ್ತೋ ಇಲ್ವೋ ಸಿಟೀಲಿ 250, ಹಳ್ಳೀಲಿ 100. ಟೊಮೇಟೊ ರೇಟಾದ್ರೂ ಮಳೆ ನೋಡ್ಕೊಂಡು ಏರತ್ತೆ ಇಳಿಯತ್ತೆ, ಇದು ಯಾವುದನ್ನ ನೋಡ್ಕೊಂಡು ಇಳೀತು ಅಂತ ನನಗಂತೂ ಅರ್ಥ ಆಗ್ಲಿಲ್ಲ. ವೈರಸ್ ಏನೂ ಅಗ್ಗ ಆಗಿರ್ಲಿಲ್ಲ.

ಮಾಸ್ಕ್ ವಿಷಯ ತೆಗೆದ್ರೆ ಇವತ್ತಿಗೂ ಜನ ಎರಡು ಪಾರ್ಟಿ ಆಗ್ಬಿಡ್ತಾರೆ. ಆದ್ರೆ ಮೂತಿಗೆ ಕಟ್ಟೋ ಬಟ್ಟೆ ಕೆಲಸ ಮಾಡತ್ತಾ ಅನ್ನೋದು ಒಂದು ಪ್ರಶ್ನೆ, ಕಟ್ಟಲೇಬೇಕು ಅಂತ ಹೇಳೋಕೆ ಸರ್ಕಾರಕ್ಕೆ ಅಧಿಕಾರ ಇದ್ಯಾ ಅನ್ನೋದು ಇನ್ನೊಂದು, ಹಾಗೆ ಆರ್ಡರ್ ಮಾಡಿದ್ರಿಂದ ಜನ ನಿಜವಾಗ್ಲೂ ಕಟ್ಕೊಂಡ್ರಾ ಅನ್ನೋದು ಮತ್ತೊಂದು. ಮೂರನ್ನೂ ಒಂದೇ ಪಾತ್ರೇಲಿ ಹಾಕಿ ಕಲಸ್ಬಿಟ್ವಿ, ಅದಕ್ಕೇ ಜಗಳ ಮುಗೀತಾನೇ ಇಲ್ಲ ಅಂತ ನನಗನ್ಸತ್ತೆ.

ಕಾನೂನಿಂದ ಶುರು ಮಾಡೋಣ. 2020ರಲ್ಲಿ ದೇಶದ ಸರ್ಕಾರಗಳು ಮೊದಲು ಕೈ ಹಾಕಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ. ಬ್ರಿಟಿಷರು ಮುಂಬೈ ಪ್ಲೇಗಿಗೆ ಹೆದರಿ ಮಾಡಿದ್ದು ಅದು, ಆಗ ಇದ್ದಿದ್ದು ನಾಲ್ಕೇ ನಾಲ್ಕು ಸೆಕ್ಷನ್. ಅದ್ರಲ್ಲಿ ಮಾಸ್ಕ್ ಅನ್ನೋ ಪದಾನೇ ಇಲ್ಲ, ರೋಗ ಹರಡ್ದೇ ಇರೋಕೆ ಸರ್ಕಾರ ತಾತ್ಕಾಲಿಕವಾಗಿ ಏನು ನಿಯಮ ಬೇಕಾದ್ರೂ ಮಾಡ್ಬಹುದು ಅಂತಿದೆ ಅಷ್ಟೆ. ಅಷ್ಟು ಅಗಲ ಬಾಗಿಲು. ಆ ಬಾಗಿಲಲ್ಲಿ ನುಗ್ಗಿದ ಅಧಿಕಾರಿಗಳು ಪುಣೇಲಿ ಮನೆ ಮನೆ ಜಾಲಾಡಿದ ರೀತಿಗೆ ಜನ ಎಷ್ಟು ಉರಿದುಬಿದ್ರು ಅಂದ್ರೆ, ಅದೇ ವರ್ಷ ಜೂನ್ 22ಕ್ಕೆ ಚಾಪೇಕರ್ ಸಹೋದರರು ಪ್ಲೇಗ್ ಕಮಿಷನರ್ ರ‍್ಯಾಂಡ್ ಮೇಲೆ ಗುಂಡು ಹಾರಿಸಿದ್ರು. ಮಾರನೇ ವರ್ಷ ಪ್ಲೇಗು ರೈಲು ಹತ್ಕೊಂಡು ಬೆಂಗಳೂರಿಗೇ ಬಂತು, ಪ್ಲೇಗಮ್ಮನ ಗುಡಿಗಳು ಎದ್ದಿದ್ದು ಆಗ್ಲೇ, ಮಲ್ಲೇಶ್ವರ ಬಸವನಗುಡಿ ಬೆಳೆಯೋಕೂ ಅದೇ ದೊಡ್ಡ ಕಾರಣ. ಇರ್ಲಿ, ಆ ಕಥೆ ಇನ್ನೊಂದ್ಸಲ.

ಇದ್ರ ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಇತ್ತು, ಅದ್ರಲ್ಲಿ ಆದೇಶ ಮೀರಿದ್ರೆ ಒಂದು ವರ್ಷದವರೆಗೂ ಜೈಲು. ಕರ್ನಾಟಕ ತಂದೇ ಆದ ಒಂದು ಸಾಂಕ್ರಾಮಿಕ ರೋಗ ಕಾಯ್ದೇನೂ 2020ರಲ್ಲಿ ಮಾಡ್ಕೊಳ್ತು. ಹಾಗಾಗಿ "ಇವರಿಗೆ ಅಧಿಕಾರಾನೇ ಇರ್ಲಿಲ್ಲ" ಅನ್ನೋ ವಾದ ನಿಲ್ಲಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ಅಧಿಕಾರ ಇದೆ ಅಂದ ಮಾತ್ರಕ್ಕೆ ಹೇಗೆ ಬೇಕಾದ್ರೂ ಬೀಸೋ ಹಾಗಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ರಲ್ಲ, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆ ತೀರ್ಪಿನ ಲೆಕ್ಕದಲ್ಲಿ ಸರ್ಕಾರ ನಮ್ಮ ಮೈಮೇಲೆ ಏನಾದ್ರೂ ಹೇರ್ಬೇಕಾದ್ರೆ ಒಂದು ಕಾನೂನು ಇರ್ಬೇಕು, ಸರಿಯಾದ ಉದ್ದೇಶ ಇರ್ಬೇಕು, ಮತ್ತೆ ಮಾಡೋ ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರ್ಬೇಕು. ಮೊದಲ ಎರಡು ಮಾಸ್ಕಿಗೆ ಸಲೀಸಾಗಿ ಪಾಸ್. ಎಡವಿದ್ದು ಮೂರನೇದ್ರಲ್ಲಿ.

ದೆಹಲಿ ಕಾರಿನ ಕೇಸ್ ನೋಡಿ. ಒಬ್ಬರೇ ಕಾರು ಓಡಿಸ್ಕೊಂಡು ಹೋಗ್ತಿದ್ದ ವಕೀಲರಿಗೆ 500 ರೂಪಾಯಿ ದಂಡ ಬಿತ್ತು, ಅವರು ಕೋರ್ಟಿಗೆ ಹೋದ್ರು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಕಾರು ಕೂಡ ಸಾರ್ವಜನಿಕ ಜಾಗಾನೇ, ಒಬ್ಬರೇ ಇದ್ರೂ ಹಾಕ್ಬೇಕು, ಮಾಸ್ಕ್ ಅಂದ್ರೆ ಸುರಕ್ಷಾ ಕವಚ ಅಂತ ಹೇಳಿ ಅರ್ಜಿ ತಳ್ಳಿಹಾಕ್ತು. ಹತ್ತು ತಿಂಗಳಾದ್ಮೇಲೆ ಅದೇ ಹೈಕೋರ್ಟಿನ ಇನ್ನೊಂದು ಪೀಠ, ಈ ರೂಲ್ ಇನ್ನೂ ಯಾಕಿದೆ, ಇದು ಅಸಂಬದ್ಧ ಅಂತ ಸರ್ಕಾರನ ಕೇಳ್ತು, ಆಮೇಲೆ ಒಂಟಿ ಡ್ರೈವರ್‌ಗಳಿಗೆ ವಿನಾಯ್ತಿ ಸಿಕ್ತು. ಗುಜರಾತ್ ಹೈಕೋರ್ಟ್ ಅಂತೂ ಮಾಸ್ಕ್ ಹಾಕದೋರನ್ನ ಕೋವಿಡ್ ಕೇಂದ್ರಗಳಲ್ಲಿ ಸೇವೆ ಮಾಡೋಕೆ ಕಳಿಸಿ ಅಂದ್ಬಿಡ್ತು! ರೋಗ ತಗುಲಬಾರ್ದು ಅಂತ ಇರೋ ರೂಲು, ಮುರಿದ್ರೆ ರೋಗ ಇರೋ ಜಾಗಕ್ಕೇ ಕಳಿಸೋದು. 2020ರ ಡಿಸೆಂಬರ್ 3ಕ್ಕೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡ್ತು, ಪುಣ್ಯ. ನಮ್ಮ ಹೈಕೋರ್ಟಲ್ಲೂ ಮಾಸ್ಕ್ ಬಗ್ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದಾಗ, ರಾಜಕೀಯ ರ‍್ಯಾಲಿಗಳಲ್ಲಿ ಮಾಸ್ಕ್ ಇಲ್ದೇ ಇದ್ದೋರ ಮೇಲೆ ಏನು ಕ್ರಮ ತಗೊಂಡ್ರಿ ಅಂತ ಜಡ್ಜ್‌ಗಳು ಸರ್ಕಾರನ ಕೇಳಿದ್ರು. ಬಸ್‌ಸ್ಟಾಪಲ್ಲಿ ನಿಂತು 250 ಕೊಟ್ಟು ರಸೀದಿ ತಗೊಂಡೋರೆಲ್ಲ ಕೇಳ್ತಿದ್ದ ಪ್ರಶ್ನೇನೂ ಅದೇ.

ಈಗ ಆರೋಗ್ಯದ ಮಾತು. ಮಾಸ್ಕ್ ಹಾಕಿದ್ರೆ ಆಕ್ಸಿಜನ್ ಕಮ್ಮಿ ಆಗತ್ತೆ ಅಂತ ವಾಟ್ಸಾಪಲ್ಲಿ ಓಡಾಡ್ತಿತ್ತಲ್ಲ, ಅದು ಸುಳ್ಳು, ಗಾಳಿಯ ಕಣಗಳು ಬಟ್ಟೆ ರಂಧ್ರಕ್ಕಿಂತ ಎಷ್ಟೋ ಚಿಕ್ಕವು, ಆಪರೇಷನ್ ಮಾಡೋ ಡಾಕ್ಟ್ರು ಗಂಟೆಗಟ್ಟಲೆ ಹಾಕ್ಕೊಂಡೇ ನಿಂತಿರ್ತಾರೆ. ತೊಂದರೆ ಇದ್ದಿದ್ದು ಬೇರೆ ಕಡೆ. ತುಟಿ ನೋಡಿ ಮಾತು ಅರ್ಥ ಮಾಡ್ಕೊಳ್ಳೋ ಕಿವಿ ಕೇಳದವರಿಗೆ ಇಡೀ ಊರೇ ಮೂಕ ಆದ ಹಾಗಾಯ್ತು, ಅವರ ಬಗ್ಗೆ ಆರ್ಡರ್ ಬರೆಯೋರು ಯೋಚ್ನೆ ಮಾಡಿದ್ದು ಕಮ್ಮಿ. ಐದು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ ಕೇಂದ್ರ ಸರ್ಕಾರದ ಸೂಚನೇನೇ ಇತ್ತು, ಆದ್ರೂ ಎಷ್ಟು ಕೂಸುಗಳ ಮುಖಕ್ಕೆ ಕಟ್ಟಿದ್ರು ನೋಡಿದೀರಲ್ಲ.

ಉಪಯೋಗ ಆಗತ್ತಾ ಅನ್ನೋದಕ್ಕೆ ಡೆನ್ಮಾರ್ಕಲ್ಲಿ ಸುಮಾರು 6000 ಜನರ ಮೇಲೆ ಪ್ರಯೋಗ ಮಾಡಿದ್ರು, ಮಾಸ್ಕ್ ಗುಂಪಲ್ಲಿ ಶೇ 1.8, ಇನ್ನೊಂದ್ರಲ್ಲಿ ಶೇ 2.1 ಜನರಿಗೆ ಸೋಂಕು, ಅಷ್ಟು ಸಣ್ಣ ವ್ಯತ್ಯಾಸದಿಂದ ಏನೂ ಗಟ್ಟಿಯಾಗಿ ಹೇಳೋಕಾಗ್ಲಿಲ್ಲ. ಹಲವಾರು ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ತೂಗಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯ ವರದಿ 2023ರಲ್ಲಿ ಬಂದಾಗ "ಮಾಸ್ಕ್ ವೇಸ್ಟ್ ಅಂತ ಸಾಬೀತಾಯ್ತು" ಅಂತ ಎಲ್ಲ ಕಡೆ ಗುಲ್ಲೋ ಗುಲ್ಲು, ಕೊನೆಗೆ ಕಾಕ್ರೇನ್ ಸಂಪಾದಕರೇ ಬಂದು ಅದು ತಪ್ಪು ಅರ್ಥ, ಫಲಿತಾಂಶ ಸ್ಪಷ್ಟ ಇಲ್ಲ ಅಷ್ಟೆ ಅಂದ್ರು. ಆ ಪ್ರಯೋಗಗಳಲ್ಲಿ ಮಾಸ್ಕ್ ಕೊಟ್ರೂ ಎಷ್ಟೋ ಜನ ಸರಿಯಾಗಿ ಹಾಕಿರ್ಲಿಲ್ಲ. ಛತ್ರಿ ಹಂಚಿದ್ವಿ, ಎಷ್ಟೋ ಜನ ಬಿಚ್ಚಲೇ ಇಲ್ಲ, ಆಮೇಲೆ ಎಲ್ಲರೂ ಎಷ್ಟು ನೆನೆದ್ರು ಅಂತ ಲೆಕ್ಕ ಹಾಕಿದ್ರೆ ಛತ್ರಿ ಬಗ್ಗೆ ಏನು ಗೊತ್ತಾಗತ್ತೆ ಹೇಳಿ.

ನನಗೆ ಮನಸ್ಸಿಗೆ ನಾಟಿದ್ದು ಬಾಂಗ್ಲಾದೇಶದ ಪ್ರಯೋಗ. 600 ಹಳ್ಳಿ, ಮೂರು ಲಕ್ಷ 40 ಸಾವಿರಕ್ಕೂ ಜಾಸ್ತಿ ಜನ. ದಂಡದ ರಸೀದಿ ಹಿಡ್ಕೊಂಡು ಹೋಗ್ಲಿಲ್ಲ, ಮಾಸ್ಕನ್ನ ಪುಕ್ಕಟೆ ಮನೆ ಬಾಗಿಲಿಗೆ ತಲುಪಿಸಿದ್ರು, ಊರ ಮುಖಂಡರ ಕೈಲಿ ಹಾಕಿಸಿದ್ರು, ಸಂತೇಲಿ, ಮಸೀದಿ ಹತ್ರ ನಿಂತು ಹಾಕದೋರಿಗೆ ಮರ್ಯಾದೆಯಿಂದ ನೆನಪು ಮಾಡಿದ್ರು. ಸರಿಯಾಗಿ ಹಾಕೋರು ಮಾಸ್ಕ್ ಹಂಚದ ಹಳ್ಳಿಗಳಲ್ಲಿ ಶೇ 13 ಇದ್ರೆ, ಹಂಚಿದ ಹಳ್ಳಿಗಳಲ್ಲಿ ಶೇ 42 ಆದ್ರು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಲಕ್ಷಣ ಇದ್ದ ಸೋಂಕು ಶೇ 11ರಷ್ಟು ಇಳೀತು, 60 ದಾಟಿದೋರಲ್ಲಿ ಶೇ 35. ಬಟ್ಟೆ ಮಾಸ್ಕಲ್ಲಿ ಅಂಥ ಸ್ಪಷ್ಟ ಲಾಭ ಕಾಣಿಸ್ಲಿಲ್ಲ. ಅಂದ್ರೆ 250 ರೂಪಾಯಿ ತಪ್ಪಿಸ್ಕೊಳ್ಳೋಕೆ ನಾವು ಮೂಗಿಗೆ ಅಡ್ಡ ಹಿಡಿತಿದ್ದ ಕರ್ಚೀಫು, ಸೆರಗು, ಅದೆಲ್ಲ ಬೀದೀಲಿ ದಂಡ ಹಾಕ್ತಿದ್ದ ಮಾರ್ಷಲ್‌ಗಳಿಂದ ಕಾಪಾಡ್ತಿತ್ತು, ವೈರಸ್‌ನಿಂದ ಕಾಪಾಡ್ತು ಅಂತ ಹೇಳೋದು ಕಷ್ಟ. ಒಂದು ದಂಡದ ದುಡ್ಡಲ್ಲಿ ಒಂದು ಬಾಕ್ಸ್ ಸರ್ಜಿಕಲ್ ಮಾಸ್ಕ್ ಬರ್ತಿತ್ತು, ಆ ಬಾಕ್ಸ್ ಮಾರ್ಷಲ್ ಕೈಲಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ನನಗೆ ಆಗಾಗ ಅನ್ಸತ್ತೆ.

2022ರ ಡಿಸೆಂಬರ್ ಕೊನೇಲಿ ಕರ್ನಾಟಕದಲ್ಲಿ ಥಿಯೇಟರ್, ಶಾಲೆ, ಪಬ್‌ಗಳಲ್ಲಿ ಮತ್ತೆ ಮಾಸ್ಕ್ ಕಡ್ಡಾಯ ಆಯ್ತು, ಈ ಸಲ ದಂಡ ಇಲ್ಲ. ಆ ವಾರಾನೇ ನಾನೊಂದು ಸಿನಿಮಾಗೆ ಹೋಗಿದ್ದೆ. ಬಾಗಿಲಲ್ಲಿ ದೊಡ್ಡ ಬೋರ್ಡು, ಮಾಸ್ಕ್ ಕಡ್ಡಾಯ ಅಂತ. ಒಳಗೆ ಹೋಗಿ ನೋಡಿದ್ರೆ ಇಡೀ ಹಾಲಲ್ಲಿ ಮಾಸ್ಕ್ ಇದ್ದಿದ್ದು ಟಾರ್ಚ್ ಹಿಡ್ಕೊಂಡು ಸೀಟ್ ತೋರಿಸ್ತಿದ್ದ ಹುಡುಗನಿಗೆ ಒಬ್ಬನಿಗೇ, ಅದೂ ಗಲ್ಲದ ಕೆಳಗೆ.

ನಮಸ್ಕಾರ.