ಮೆಸೇಜ್ ಕಳಿಸಿದರೆ ಮೋಟಾರ್ ಬಂದ್ ಆಗುತ್ತಾ? ಸಿಮ್ ಹಾಕುವ ಸಾಕೆಟ್‌ನ ಕಥೆ

[ಬಸ್ಸಿನ ಕಿಟಕಿಯಿಂದ ಭೀಮಾ ನದಿ. ಮಾತು ಮಾತ್ರ ಕೇಳಿಸುತ್ತದೆ.]

ಶಹಾಪುರದಿಂದ ಕಲಬುರಗಿಗೆ ಬರುವ ಬಸ್ಸು. ಜೇವರ್ಗಿ ದಾಟಿ ಕಟ್ಟಿಸಂಗಾವಿ ಸೇತುವೆ ಮೇಲೆ ಬಂದಿತ್ತು. ನಮ್ಮ ಕಾಕು ಒಮ್ಮೆಲೇ ಎದ್ದು ಕೂತರು. "ರೀ, ನೀರಿನ ಮೋಟಾರ್ ಬಂದ್ ಮಾಡೀರೇನ್?"

ಕಾಕಾ ಮಾತಾಡಲಿಲ್ಲ, ಕಿಟಕಿ ಕಡೆ ನೋಡಿದರು. ಉತ್ತರ ಅದರಲ್ಲೇ ಇತ್ತು.

ಮನೆಗೆ ಬೀಗ. ಬೀಗದ ಕೈ ಕಾಕುವಿನ ಚೀಲದಲ್ಲಿ. ಕಾಕಾ ತಮ್ಮ ಬಟನ್ ಫೋನ್ ತೆಗೆದು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ ಮೆಸೇಜ್ ಕಳಿಸಿದರು. ಅರ್ಧ ನಿಮಿಷದಲ್ಲಿ ಮನೆಯ ಸಾಕೆಟ್‌ನಿಂದ ವಾಪಸ್ ಬಂತು: "ಸಾಕೆಟ್ ಆಫ್". ಕಾಕು ನಿರಾಳವಾಗಿ ಮತ್ತೆ ನಿದ್ದೆಗೆ ಹೋದರು.

ಆ ಸಾಕೆಟ್ ತಂದುಕೊಟ್ಟವನು ನಾನೇ. ಕಥೆ ಇಲ್ಲಿಗೆ ಮುಗಿದಿದ್ದರೆ ಈ ವಿಡಿಯೋದಲ್ಲಿ ಎದೆ ಉಬ್ಬಿಸಿಕೊಂಡು ಮಾತಾಡುತ್ತಿದ್ದೆ. ಮುಗಿಯಲಿಲ್ಲ. ಬಾಕಿ ಕಥೆ ಆಮೇಲೆ, ಮೊದಲು ಸಾಮಾನು ನೋಡೋಣ.

[ಮೇಜಿನ ಮೇಲೆ ಸಾಕೆಟ್. ಹತ್ತಿರದ ಶಾಟ್.]

ಎಲ್ಲರಿಗೂ ಶರಣು. ನೋಡಿ, ಇದೇ. ದಪ್ಪನೆಯ ಚಾರ್ಜರ್ ಥರ ಇದೆ. ಹಿಂದೆ ಮೂರು ಪಿನ್, ಅದನ್ನು ಗೋಡೆಗೆ ಚುಚ್ಚಬೇಕು. ಮುಂದೆ ಮೂರು ತೂತು, ಅಲ್ಲಿ ನಿಮ್ಮ ಕೂಲರೋ ಲೈಟೋ. ಪಕ್ಕದಲ್ಲಿ ಸಣ್ಣ ಮುಚ್ಚಳ, ಅದರೊಳಗೆ ಸಿಮ್. ಅಂದರೆ ಈ ಸಾಕೆಟ್‌ಗೆ ತನ್ನದೇ ಒಂದು ಫೋನ್ ನಂಬರ್ ಇರುತ್ತದೆ. ಕಾಕಾ ಮೊದಲ ದಿನ ಕೇಳಿದ್ದು ಅದನ್ನೇ: "ಇದಕ್ಕೂ ರೀಚಾರ್ಜ್ ಹಾಕ್ಬೇಕೇನಪಾ?" ಹಾಕಬೇಕು ಕಾಕಾ.

ವೈಫೈ ಸಾಕೆಟ್ ಅಗ್ಗಕ್ಕೆ ಸಿಗುತ್ತಲ್ಲ, ಇದು ಯಾಕೆ ಅಂತ ನೀವು ಕೇಳಬಹುದು. ವೈಫೈ ಇರುವ ಮನೆಗೆ ಅದೇ ಸರಿ. ಆದರೆ ಊರ ಮನೆ, ತೋಟದ ಮನೆ, ಬೀಗ ಹಾಕಿದ ಮನೆಯಲ್ಲಿ ವೈಫೈ ಎಲ್ಲಿಂದ ಬರಬೇಕು? ಮೆಸೇಜ್ ಅಂದರೆ ವಾಟ್ಸಾಪ್ ಅಲ್ಲ, ಎಸ್ಎಂಎಸ್. ಅದಕ್ಕೆ ಇಂಟರ್‌ನೆಟ್ ಬೇಡ. ಫೋನು ಮತ್ತು ಟವರ್ ಒಂದಕ್ಕೊಂದು "ಇದ್ದೀಯಾ?", "ಇದ್ದೀನಿ" ಅಂತ ಮಾತಾಡಿಕೊಳ್ಳುವ ಒಂದು ದಾರಿ ಇದೆ. ಮೆಸೇಜ್ ಅದೇ ದಾರಿಯಲ್ಲಿ ನುಸುಳುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇದ್ದು ವಿಡಿಯೋ ಸುತ್ತುತ್ತಾ ಕೂತಿರುವ ಜಾಗದಲ್ಲೂ ಎಷ್ಟೋ ಸಲ ಮೆಸೇಜ್ ಹೋಗುವುದು ಇದಕ್ಕೇ. ಹಳೆಯ ತಂತ್ರ. ಮೊಟ್ಟಮೊದಲ ಮೆಸೇಜ್ ಹೋಗಿದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡ್‌ನಲ್ಲಿ. ಅದರಲ್ಲಿ ಇದ್ದದ್ದು ಎರಡೇ ಪದ, ಕ್ರಿಸ್‌ಮಸ್ ಶುಭಾಶಯ.

[ಡಬ್ಬಿಯ ಹಿಂಭಾಗ ತೋರಿಸಿ.]

ಕೊಳ್ಳುವಾಗ ಇಲ್ಲಿ ನೋಡಿ. "ಜಿಎಸ್ಎಂ 900/1800" ಅಂತಷ್ಟೇ ಇದ್ದರೆ ಅದು 2ಜಿ ಸಾಮಾನು. ಜಿಯೋಗೆ 2ಜಿ ಇಲ್ಲ, ಹಾಗಾಗಿ ಜಿಯೋ ಸಿಮ್ ಇದರಲ್ಲಿ ನಡೆಯುವುದಿಲ್ಲ. ನಿಮ್ಮ ಓಣಿಯಲ್ಲಿ ಬಿಎಸ್ಎನ್ಎಲ್, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಇವುಗಳಲ್ಲಿ ಯಾವುದರ 2ಜಿ ಸಿಗ್ನಲ್ ಚೆನ್ನಾಗಿದೆ ಅಂತ ಮೊದಲೇ ಒಂದು ಹಳೆ ಬಟನ್ ಫೋನಿಗೆ ಹಾಕಿ ನೋಡಿಕೊಳ್ಳಿ. ಸಾಕೆಟ್ ಇರುವ ಗೋಡೆಯ ಹತ್ತಿರವೇ ನೋಡಬೇಕು, ಅಂಗಳದಲ್ಲಿ ಅಲ್ಲ. ನಮ್ಮ ಕಡೆ ಹಳೆ ಮನೆಗಳ ಕಲ್ಲಿನ ಗೋಡೆ ಎಷ್ಟು ದಪ್ಪ ಅಂತ ಗೊತ್ತಲ್ವಾ? ಬೇಸಿಗೆಯಲ್ಲಿ ತಂಪು ಹೌದು, ಸಿಗ್ನಲ್ ಮಾತ್ರ ಬಾಗಿಲಲ್ಲೇ ನಿಲ್ಲುತ್ತದೆ.

ರೀಚಾರ್ಜ್ ವಿಷಯ. ಈ ಸಿಮ್‌ಗೆ ಡೇಟಾ ಸುಮ್ನೆ ದಂಡ. 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ನಿಯಮ ತಂದಿತು, ಕಂಪನಿಗಳು ಡೇಟಾ ಇಲ್ಲದ, ಬರೀ ಮಾತು ಮತ್ತು ಮೆಸೇಜ್‌ನ ಪ್ಯಾಕ್ ಕೊಡಲೇಬೇಕು ಅಂತ. ಅಂಗಡಿಯವನು ತಾನಾಗಿ ಹೇಳಲಿಕ್ಕಿಲ್ಲ, ನೀವೇ ಕೇಳಿ. ಹಾಗೇ 1909ಕ್ಕೆ ಫೋನ್ ಮಾಡಿ ಜಾಹೀರಾತು ಮೆಸೇಜ್ ನಿಲ್ಲಿಸಿ. ಅಗ್ಗದ ಸಾಕೆಟ್‌ಗಳಲ್ಲಿ ಮೆಸೇಜ್ ಇಡುವ ಜಾಗ ಚಿಕ್ಕದು. ಲೋನ್ ಬೇಕಾ, ಸೈಟ್ ಬೇಕಾ ಅನ್ನುವ ಮೆಸೇಜ್‌ಗಳೇ ತುಂಬಿಕೊಂಡರೆ ನಿಮ್ಮ ಮೆಸೇಜ್‌ಗೆ ಜಾಗ ಸಿಗುವುದಿಲ್ಲ.

[ಫೋನ್ ಪರದೆ. ಪಕ್ಕದಲ್ಲಿ ಸಾಕೆಟ್‌ಗೆ ಸಿಕ್ಕಿಸಿದ ಬಲ್ಬ್.]

ಈಗ ಮಾಡಿ ತೋರಿಸುತ್ತೇನೆ. ಆಫ್ ಅಂತ ಬರೆದೆ. ಕಳಿಸಿದೆ. ಎಣಿಸಿ... ಮೂರು, ನಾಲ್ಕು, ಐದು...

[ಟಕ್. ಬಲ್ಬ್ ಆರುತ್ತದೆ.]

ಆ "ಟಕ್" ಕೇಳಿಸಿತಾ? ಅದೇ ಇವತ್ತಿನ ಪಾಠ. ಒಳಗೆ ರಿಲೇ ಅಂತ ಒಂದು ಸಣ್ಣ ಡಬ್ಬಿ ಇದೆ. ಅದರಲ್ಲಿ ತಂತಿ ಸುತ್ತಿದ ಕಾಯಿಲ್. ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಅಯಸ್ಕಾಂತ ಆಗಿ ಒಂದು ಪಟ್ಟಿಯನ್ನು ಎಳೆಯುತ್ತದೆ, ಎರಡು ತುದಿ ಕೂಡುತ್ತವೆ. ಕರೆಂಟ್ ತೆಗೆದರೆ ಸ್ಪ್ರಿಂಗ್ ಬಿಡಿಸುತ್ತದೆ. ಅಷ್ಟೇ ಸ್ವಿಚ್ಚು.

ಒಂದು ತಮಾಷೆ. ಮೊದಲ ಸಲ ನಾನು ಕನ್ನಡ ಅಕ್ಷರದಲ್ಲೇ "ಆಫ್" ಅಂತ ಕಳಿಸಿದೆ. ಸಾಕೆಟ್ ಮೌನ. ಇಂಗ್ಲಿಷ್ ಅಕ್ಷರವಾದರೆ ಒಂದು ಮೆಸೇಜ್‌ನಲ್ಲಿ 160 ಹಿಡಿಯುತ್ತವೆ, ಕನ್ನಡವಾದರೆ 70. ಬರೆಯುವ ಪದ್ಧತಿಯೇ ಬೇರೆ, ಈ ಬಡಪಾಯಿ ಸಾಕೆಟ್‌ಗೆ ಎರಡನೆಯದು ಓದಲು ಬರುವುದಿಲ್ಲ. ಸ್ಮಾರ್ಟ್‌ಫೋನ್ ಪದದ ಕೊನೆಗೆ ತಾನೇ ಒಂದು ಜಾಗ ಬಿಟ್ಟರೂ ಇದಕ್ಕೆ ಆಗಿಬರಲಿಲ್ಲ. ಕಾಕಾನ ಬಟನ್ ಫೋನ್‌ಗೆ ಆ ತಾಪತ್ರಯವೇ ಇಲ್ಲ. ಅಂದಹಾಗೆ ಒಂದೊಂದು ಕಂಪನಿಯ ಆಜ್ಞೆ ಒಂದೊಂದು ಥರ, ಡಬ್ಬಿಯಲ್ಲಿ ಬರುವ ಪುಸ್ತಕ ಎಸೆಯಬೇಡಿ. ಬರುವಾಗ ಇರುವ ಪಾಸ್‌ವರ್ಡ್, ಆ 1234 ಥರದ್ದು, ಅವತ್ತೇ ಬದಲಿಸಿ.

ಈಗ ನನ್ನ ಅಭಿಪ್ರಾಯ. ಇದನ್ನು ಬಂದ್ ಮಾಡಲಿಕ್ಕೆ ಕೊಳ್ಳಿ. ಚಾಲೂ ಮಾಡಲಿಕ್ಕೆ ಕೊಳ್ಳುವುದಾದರೆ ಎರಡು ಸಲ ಯೋಚಿಸಿ.

ಯಾಕೆ ಅಂದರೆ ಮೆಸೇಜ್ ಅಂಚೆಯ ಹಾಗೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಾಯುತ್ತದೆ. ಏಪ್ರಿಲ್ ತಿಂಗಳು, ಕಲಬುರಗಿಯಲ್ಲಿ 42 ಡಿಗ್ರಿ. ಮಧ್ಯಾಹ್ನ ಬಜಾರ್‌ನಿಂದ ಹೊರಡುವಾಗ ಕೂಲರ್‌ಗೆ "ಆನ್" ಕಳಿಸಿದಿರಿ. ಆಗ ಮನೆಯಲ್ಲಿ ಕರೆಂಟ್ ಇಲ್ಲ, ಸಾಕೆಟ್ ಸತ್ತಿದೆ. ನೀವು ಮನೆಗೆ ಬಂದು, ಚಹಾ ಕುಡಿದು, ಊರಿಗೆ ಹೋದಿರಿ. ಸಂಜೆ ಕರೆಂಟ್ ಬಂತು, ಸಿಮ್ ಕಂಪನಿಯ ಕಂಪ್ಯೂಟರ್‌ನಲ್ಲಿ ಕಾಯುತ್ತಿದ್ದ ಮೆಸೇಜ್ ಈಗ ಬಂದು ಮುಟ್ಟಿತು. ಖಾಲಿ ಮನೆಯಲ್ಲಿ ಕೂಲರ್ ಶುರು. ತೊಟ್ಟಿಯಲ್ಲಿ ನೀರಿಲ್ಲ, ಒಳಗಿನ ಪುಟ್ಟ ಪಂಪ್ ಒಣಗಿ ತಿರುಗುತ್ತಿದೆ. ಕೂಲರ್ ಬದಲು ಇಸ್ತ್ರಿ ಪೆಟ್ಟಿಗೆಯೋ ಬಕೆಟ್‌ಗೆ ಹಾಕುವ ಹೀಟರ್ ರಾಡೋ ಇದ್ದರೆ? ಆ ಎರಡನ್ನೂ ಈ ಸಾಕೆಟ್‌ಗೆ ಸಿಕ್ಕಿಸಲೇಬೇಡಿ.

ಮಿಸ್ ಕಾಲ್‌ನಿಂದ ನಡೆಯುವ ಮಾದರಿಗಳೂ ಇವೆ. ಸಾಕೆಟ್ ನಿಮ್ಮ ನಂಬರ್ ಗುರುತಿಸಿ, ಕಾಲ್ ಕತ್ತರಿಸಿ, ಕೆಲಸ ಮಾಡುತ್ತದೆ. ಕಾಸೂ ಖರ್ಚಿಲ್ಲ. ಕಾಲ್ ಎಲ್ಲೂ ಕಾದು ಕೂರುವುದಿಲ್ಲ ಅನ್ನುವುದು ಇನ್ನೊಂದು ಲಾಭ, ಹೋದರೆ ಹೋಯಿತು ಇಲ್ಲದಿದ್ದರೆ ಇಲ್ಲ. ಆದರೆ ಒಂದು ಕಾಲ್‌ಗೆ ಚಾಲೂ, ಮುಂದಿನದಕ್ಕೆ ಬಂದ್ ಅನ್ನುವ ಮಾದರಿಯಾದರೆ, ಗಂಡ ಹೆಂಡತಿ ಇಬ್ಬರೂ ಒಂದೊಂದು ಕಾಲ್ ಕೊಟ್ಟು ಕೂತರೆ ಮುಗಿಯಿತು ಕಥೆ.

ಕರೆಂಟ್ ಹೋಗಿ ಬಂದಮೇಲೆ ಸಾಕೆಟ್ ಏನು ಮಾಡುತ್ತದೆ ಅನ್ನುವುದನ್ನೂ ನೋಡಿ. ಕೆಲವು ಮೊದಲಿನ ಸ್ಥಿತಿಗೇ ಮರಳುತ್ತವೆ, ಕೆಲವು ಬಂದ್ ಆಗಿಯೇ ಉಳಿಯುತ್ತವೆ. ಬಂದ್ ಆಗಿ ಉಳಿಯುವುದನ್ನೇ ಆರಿಸಿ.

[ಮತ್ತೆ ಬಸ್ಸಿನ ಕಿಟಕಿ. ಆಮೇಲೆ ಮಾಳಿಗೆಯಿಂದ ಸುರಿಯುವ ನೀರು.]

ಈಗ ಬಾಕಿ ಕಥೆ. "ಸಾಕೆಟ್ ಆಫ್" ಅಂತ ಉತ್ತರ ಬಂದು ಒಂದು ತಾಸು ಆಗಿರಬೇಕು. ಪಕ್ಕದ ಮನೆಯವರ ಫೋನ್ ಬಂತು. "ನಿಮ್ಮ ಮಾಳಿಗಿ ಮ್ಯಾಲಿಂದ ಓಣಿ ತುಂಬಾ ನೀರು ಹರ್ಲಾಕತ್ತದ. ಒಳಗ ಮೋಟಾರ್ ಸಪ್ಪಳ ಬರ್ಲಾಕತ್ತದ." ಪುಣ್ಯಕ್ಕೆ ಮೇನ್ ಸ್ವಿಚ್ ಹೊರಗೆ ಕಟ್ಟೆಯ ಮೇಲೆ ಮೀಟರ್ ಹತ್ತಿರವೇ ಇತ್ತು, ಅವರೇ ಇಳಿಸಿದರು. ಅಷ್ಟರಲ್ಲಿ ಸಂಪು ಖಾಲಿಯಾಗಿ, ಮೋಟಾರ್ ಒಣಗಿ ಓಡಿ, ಸೀಲ್ ಸುಟ್ಟಿತ್ತು.

ಮೊದಲು ಅಂಗಡಿಯವನನ್ನು ಬೈದುಕೊಂಡೆ. ಆಮೇಲೆ ಸಾಕೆಟ್ ಬಿಚ್ಚಿದೆ.

[ಬಿಚ್ಚಿದ ರಿಲೇ. ತೀರಾ ಹತ್ತಿರದ ಶಾಟ್.]

ನೋಡಿ. ಜೋಳದ ಕಾಳಿನಷ್ಟಿರುವ ಈ ಎರಡು ತುದಿ. ಬೆಳ್ಳಿ ಬೆರೆಸಿದ ಲೋಹ. ಅಂಚು ಕಪ್ಪಾಗಿದೆ, ನಡುವೆ ಒಂದು ಹನಿ ಕರಗಿ ಗಟ್ಟಿಯಾಗಿದೆ. ಒಂದಕ್ಕೊಂದು ಬೆಸೆದುಕೊಂಡಿವೆ. ಉಗುರಿನಿಂದ ಎಳೆದರೂ ಬರಲಿಲ್ಲ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯಿತು.

ತಪ್ಪು ನನ್ನ ಲೆಕ್ಕದ್ದು. ಕಾಕಾನ ಮೋಟಾರ್ 1 ಎಚ್‌ಪಿ. 1 ಎಚ್‌ಪಿ ಅಂದರೆ 746 ವಾಟ್, ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ 3.2 ಆಂಪಿಯರ್. ಸಾಕೆಟ್ ಮೇಲೆ 10 ಆಂಪಿಯರ್ ಅಂತ ಇತ್ತು. ಸಾಕಲ್ವಾ ಅಂದುಕೊಂಡೆ. ಆದರೆ ಎಚ್‌ಪಿ ಅನ್ನುವುದು ಮೋಟಾರ್ ಕೊಡುವ ಶಕ್ತಿ, ಎಳೆಯುವ ಕರೆಂಟ್ ಅದಕ್ಕಿಂತ ಜಾಸ್ತಿ. ಇಂಥ ಮೋಟಾರ್ ಓಡುವಾಗ 6 ಆಂಪಿಯರ್ ಆಸುಪಾಸು ಎಳೆಯುತ್ತದೆ. ನಿಂತ ಮೋಟಾರ್ ಎದ್ದೇಳುವ ಕ್ಷಣದಲ್ಲಿ ಅದರ ಐದಾರು ಪಟ್ಟು, ಅಂದರೆ 30 ಆಂಪಿಯರ್ ದಾಟುತ್ತದೆ. ದಿನಾ ಬೆಳಿಗ್ಗೆ ಒಂದು ಕಿಡಿ. ಆ ಕಿಡಿಗಳೇ ಕೊನೆಗೊಂದು ದಿನ ಬೆಸುಗೆ ಹಾಕಿದವು.

ಹಾಗಾದರೆ "ಸಾಕೆಟ್ ಆಫ್" ಅಂತ ಸುಳ್ಳು ಹೇಳಿತಾ? ಇಲ್ಲ. ಕಾಯಿಲ್‌ಗೆ ಕರೆಂಟ್ ನಿಲ್ಲಿಸಿದೆ ಅಂತ ಹೇಳಿತು, ನಿಲ್ಲಿಸಿಯೂ ಇತ್ತು. ತುದಿಗಳು ಬಿಟ್ಟವೋ ಇಲ್ಲವೋ ಅಂತ ನೋಡಲು ಅದಕ್ಕೆ ಕಣ್ಣಿಲ್ಲ. ಹೊರಗೆ ಹೋಗುವ ಕರೆಂಟ್ ಅಳೆದು ಹೇಳುವ ಮಾದರಿಗಳೂ ಇವೆ, ದುಬಾರಿ. ನನಗೆ ಈಗ ಅಂಥದ್ದರ ಮೇಲೆ ಮಾತ್ರ ನಂಬಿಕೆ.

ಗೀಸರ್‌ನ ಲೆಕ್ಕ ಸುಲಭ. 2000 ವಾಟ್, 8.7 ಆಂಪಿಯರ್, ಎದ್ದೇಳುವ ರಂಪ ಇಲ್ಲ. ಆದರೂ 16 ಆಂಪಿಯರ್ ಸಾಕೆಟ್ಟೇ ಹಾಕಿ. ಬಲ್ಬ್, ಫ್ಯಾನ್‌ಗೆ ಚಿಂತೆ ಇಲ್ಲ. ರಿಮೋಟ್ ಒತ್ತಿ ಶುರು ಮಾಡುವ ಟಿವಿ, ಎಸಿಗೆ ಇದರಿಂದ ಪ್ರಯೋಜನ ಕಡಿಮೆ. ಕರೆಂಟ್ ಕೊಟ್ಟರೂ ಬಹಳಷ್ಟು ಮಾದರಿಗಳು ರಿಮೋಟ್‌ಗಾಗಿ ಕಾಯುತ್ತವೆ. ಹೊಲದ ತ್ರೀ ಫೇಸ್ ಪಂಪ್‌ಸೆಟ್‌ಗಂತೂ ಇದು ಅಲ್ಲವೇ ಅಲ್ಲ, ಅದಕ್ಕೆ ಮೊಬೈಲ್ ಸ್ಟಾರ್ಟರ್ ಬೇರೆಯೇ ಇದೆ, ನೀರು ತೀರಿದರೂ ಫೇಸ್ ಹೋದರೂ ನಿಲ್ಲಿಸುವಂಥದ್ದು ಸಿಗುತ್ತದೆ.

[ಗೋಡೆ ಮೇಲೆ ಸಣ್ಣ ಕಬ್ಬಿಣದ ಡಬ್ಬಿ.]

ಕಾಕಾನ ಮನೆಯಲ್ಲಿ ಈಗ ಹೀಗಿದೆ. ಎಲೆಕ್ಟ್ರಿಷಿಯನ್ ಕರೆಸಿ ಕಾಂಟ್ಯಾಕ್ಟರ್ ಹಾಕಿಸಿದೆ, ಜೊತೆಗೆ ಓವರ್‌ಲೋಡ್ ರಿಲೇ, ಅಂದರೆ ಮೋಟಾರ್ ಮಿತಿ ಮೀರಿ ಕರೆಂಟ್ ಎಳೆದರೆ ನಿಲ್ಲಿಸುವಂಥದ್ದು. ಕಾಂಟ್ಯಾಕ್ಟರ್ ಅಂದರೆ ಮೋಟಾರ್‌ಗೆಂದೇ ಮಾಡಿದ ದೊಡ್ಡ ರಿಲೇ. ಹೊಸ ಸಾಕೆಟ್ ಆ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತದೆ, ಮೋಟಾರ್‌ನ ಭಾರ ಅದರ ತಲೆ ಮೇಲಿಲ್ಲ. ಮಾಳಿಗೆಯ ಟ್ಯಾಂಕ್‌ಗೆ ಒಂದು ಫ್ಲೋಟ್ ಸ್ವಿಚ್ಚನ್ನೂ ಇಳಿಬಿಟ್ಟೆವು, ಟ್ಯಾಂಕ್ ತುಂಬಿದ ಕೂಡಲೇ ಮೋಟಾರ್ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಮೊದಲೇ ಅದೊಂದನ್ನು ಹಾಕಿಸಿದ್ದರೆ ಓಣಿಗೆ ನೀರು ಹರಿಯುತ್ತಿರಲಿಲ್ಲ, ನನಗೆ ಈ ವಿಡಿಯೋಗೆ ಕಥೆಯೂ ಸಿಗುತ್ತಿರಲಿಲ್ಲ.

ಹೋದ ವಾರ ಕಾಕಾ ಮತ್ತೆ ಕಲಬುರಗಿಗೆ ಬಂದಿದ್ದರು. ನನ್ನ ಎದುರಿಗೇ ಮೆಸೇಜ್ ಕಳಿಸಿದರು. "ಸಾಕೆಟ್ ಆಫ್" ಅಂತ ಉತ್ತರ ಬಂತು, ಓದಿದರು. ಕನ್ನಡಕ ತೆಗೆಯಲಿಲ್ಲ. ಪಕ್ಕದ ಮನೆಗೆ ಫೋನ್ ಹಚ್ಚಿದರು. "ಸ್ವಲ್ಪ ಕಿಟಕಿ ಹಂತ್ಯಾಕ ಹೋಗಿ ಕೇಳಪಾ, ಮೋಟಾರ್ ಸಪ್ಪಳ ಬರ್ಲಾಕತ್ತದೇನ್?"