ಜೀನ್ ತಿದ್ದುವ ಕಾಲ: ಲ್ಯಾಬಿನಿಂದ ರೋಗಿಯವರೆಗೆ

ಎಲ್ಲರಿಗೂ ನಮಸ್ಕಾರ.

ವಿಜ್ಞಾನದಲ್ಲಿ ಈಚೆಗೆ ಏನೇನಾಗಿದೆ ಅಂತ ಪಟ್ಟಿ ಮಾಡುತ್ತಾ ಹೋದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಇವತ್ತು ಒಂದೇ ವಿಷಯ ಹಿಡಿದುಕೊಳ್ಳುತ್ತೇನೆ: ಜೀನ್ ತಿದ್ದುವುದು, ಅಂದರೆ ನಮ್ಮ ಕೋಶಗಳೊಳಗೆ ಡಿಎನ್‌ಎ ಅಕ್ಷರಗಳಲ್ಲಿ ಬರೆದಿರುವ ಸೂಚನೆಯನ್ನು ಬದಲಿಸುವುದು. ಇದು ಇನ್ನೆಂದೋ ಆಗುವ ಮಾತಲ್ಲ. ಈ ಚಿಕಿತ್ಸೆ ಪಡೆದು ನೋವಿಲ್ಲದೆ ಓಡಾಡುತ್ತಿರುವ ಜನ ಈಗಾಗಲೇ ಇದ್ದಾರೆ. ಆದರೆ ಅವರ ಸಂಖ್ಯೆ ತುಂಬಾ ಕಡಿಮೆ. ಯಾಕೆ ಕಡಿಮೆ ಅನ್ನುವುದೇ ನನಗೆ ಮುಖ್ಯ ಪ್ರಶ್ನೆ.

ಸಿಕಲ್ ಸೆಲ್ ರೋಗ ನೋಡಿ. ಹಿಮೋಗ್ಲೋಬಿನ್ ಮಾಡುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಷ್ಟಕ್ಕೇ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಬರುವ ನೋವು ಸಾಮಾನ್ಯದ್ದಲ್ಲ, ರೋಗಿಯನ್ನು ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸುತ್ತದೆ. ಈ ರೋಗದ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಅಂತ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ತಂಡ 1949ರಲ್ಲೇ ತೋರಿಸಿತ್ತು. ತಪ್ಪು ಎಲ್ಲಿದೆ ಅಂತ ಗೊತ್ತಿತ್ತು, ಅದನ್ನು ಮುಟ್ಟುವ ಉಪಕರಣ ಇರಲಿಲ್ಲ.

ಆ ಉಪಕರಣ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1990ರ ದಶಕದಲ್ಲಿ ಸ್ಪೇನಿನ ಫ್ರಾನ್ಸಿಸ್ಕೋ ಮೊಹಿಕಾ ಉಪ್ಪುನೀರಿನ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡುತ್ತಿದ್ದರು. ಅವುಗಳ ಡಿಎನ್‌ಎಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಆ ಸಾಲುಗಳ ನಡುವೆ ಇರುವುದು ವೈರಸ್‌ಗಳ ತುಣುಕು ಅಂತ ಆಮೇಲೆ ಅವರಿಗೆ ಹೊಳೆಯಿತು. ಹಿಂದೆ ದಾಳಿ ಮಾಡಿದ ವೈರಸ್‌ಗಳ ಗುರುತನ್ನು ಸೂಕ್ಷ್ಮಜೀವಿ ಇಟ್ಟುಕೊಂಡಿರುತ್ತದೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ಕತ್ತರಿಸುತ್ತದೆ. ಇದೇ ಕ್ರಿಸ್ಪರ್. ಆ ಕತ್ತರಿಯನ್ನು ನಮಗೆ ಬೇಕಾದ ಡಿಎನ್‌ಎ ಜಾಗಕ್ಕೆ ಕಳಿಸಬಹುದು ಅಂತ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ 2012ರಲ್ಲಿ ತೋರಿಸಿದರು. 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಉಪ್ಪುನೀರಿನ ಜೀವಿಗಳ ಮೇಲಿನ ಸಂಶೋಧನೆಗೆ ಯಾಕಪ್ಪಾ ದುಡ್ಡು ಹಾಕಬೇಕು ಅಂತ ಅವತ್ತು ಯಾರಾದರೂ ಕೇಳಿದ್ದರೆ, ಉತ್ತರ ಹೇಳುವುದು ಯಾರಿಗೂ ಆಗುತ್ತಿರಲಿಲ್ಲ.

2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಈ ಕತ್ತರಿ ಬಳಸುವ ಕ್ಯಾಸ್ಜೆವಿ ಅನ್ನುವ ಸಿಕಲ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು. ಇದರ ಉಪಾಯ ನನಗೆ ಬಹಳ ಇಷ್ಟ. ಇದು ತಪ್ಪು ಅಕ್ಷರದ ತಂಟೆಗೇ ಹೋಗುವುದಿಲ್ಲ! ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮಲ್ಲಿ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ BCL11A ಅನ್ನುವ ಜೀನ್ ಅದನ್ನು ನಿಲ್ಲಿಸಿಬಿಡುತ್ತದೆ. ರಕ್ತ ತಯಾರಿಸುವ ಕೋಶಗಳಲ್ಲಿ ಈ ಜೀನಿನ ಜೋರು ತಗ್ಗಿಸಿದರೆ ಹಳೆಯ, ಸರಿಯಾದ ಹಿಮೋಗ್ಲೋಬಿನ್ ಮತ್ತೆ ಶುರುವಾಗುತ್ತದೆ. ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಜನ ಕನಿಷ್ಠ ಒಂದು ವರ್ಷ ತೀವ್ರ ನೋವಿನ ದಾಳಿ ಇಲ್ಲದೆ ಕಳೆದರು.

ಈಗ ರೋಗಿಯ ಕಡೆಯಿಂದ ನೋಡೋಣ. ಮೊದಲು ಅವರ ಸ್ಟೆಮ್ ಸೆಲ್‌ಗಳನ್ನು, ಅಂದರೆ ರಕ್ತ ತಯಾರಿಸುವ ಆ ಮೂಲ ಕೋಶಗಳನ್ನು, ರಕ್ತದಿಂದ ಬೇರ್ಪಡಿಸಿ ತೆಗೆಯಬೇಕು. ಒಂದೇ ಸಲಕ್ಕೆ ಸಾಕಾಗದಿದ್ದರೆ ಮತ್ತೆ ತೆಗೆಯಬೇಕು. ಅವು ಲ್ಯಾಬಿಗೆ ಹೋಗಿ, ತಿದ್ದುಪಡಿಯಾಗಿ, ಪರೀಕ್ಷೆ ಮುಗಿದು ವಾಪಸ್ ಬರಲು ತಿಂಗಳುಗಳೇ ಬೇಕು. ಆಮೇಲೆ ಜೋರಾದ ಕೀಮೋ ಕೊಟ್ಟು ಮೂಳೆಮಜ್ಜೆಯಲ್ಲಿರುವ ಹಳೆಯ ಕೋಶಗಳನ್ನು ತೆರವು ಮಾಡುತ್ತಾರೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಾಗಬಹುದು. ತಿದ್ದಿದ ಕೋಶಗಳನ್ನು ಕೊಟ್ಟ ಮೇಲೂ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕು. 2023ರಲ್ಲಿ ಅಮೆರಿಕದಲ್ಲಿ ಇದಕ್ಕಿಟ್ಟ ಬೆಲೆ 22 ಲಕ್ಷ ಡಾಲರ್. ಈ ರೋಗ ಅತಿ ಹೆಚ್ಚಿರುವುದು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ. ಅಲ್ಲಿನ ಒಂದು ಮಗುವಿಗೆ ಈ ಚಿಕಿತ್ಸೆ ಇದ್ದೂ ಇಲ್ಲದ ಹಾಗೆ, ಅಲ್ವಾ?

ಹಾಗಾಗಿ ನನ್ನ ಕಣ್ಣಿಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಆದ ಕೆಲಸ. ಒಂದು ಹಸುಗೂಸಿಗೆ CPS1 ಅನ್ನುವ ಕಿಣ್ವದ ಕೊರತೆ ಇತ್ತು. ಪ್ರೋಟೀನ್ ಜೀರ್ಣವಾಗುವಾಗ ಹುಟ್ಟುವ ಅಮೋನಿಯ ದೇಹದಲ್ಲೇ ಉಳಿದು ಮಿದುಳನ್ನು ಹಾಳುಮಾಡುವ ಕಾಯಿಲೆ ಅದು. ವೈದ್ಯರು ಆ ಮಗುವಿನ ತಪ್ಪು ಅಕ್ಷರಕ್ಕೆಂದೇ ಒಂದು ಔಷಧಿಯನ್ನು ಸುಮಾರು ಆರು ತಿಂಗಳಲ್ಲಿ ತಯಾರಿಸಿದರು. ಕೋಶಗಳನ್ನು ಹೊರಗೆ ತೆಗೆಯಲಿಲ್ಲ, ಕೀಮೋ ಕೊಡಲಿಲ್ಲ. ರಕ್ತನಾಳಕ್ಕೆ ಡ್ರಿಪ್ ಹಾಕಿದರು, ಅಷ್ಟೇ. ತಿದ್ದುವ ಉಪಕರಣದ ಸೂಚನೆಯನ್ನು ಎಂಆರ್‌ಎನ್‌ಎ ರೂಪದಲ್ಲಿ, ಕೊಬ್ಬಿನ ಅತಿಸಣ್ಣ ಕಣಗಳೊಳಗೆ ಇಟ್ಟು ಕಳಿಸಿದರು. ಕೆಲವು ಕೋವಿಡ್ ಲಸಿಕೆಗಳಿಗೆ ಬಳಸಿದ ದಾರಿಯೇ ಇದು. ಮಗುವಿನ ದೇಹ ಮೊದಲಿಗಿಂತ ಜಾಸ್ತಿ ಪ್ರೋಟೀನ್ ತಾಳಿಕೊಂಡಿತು, ಔಷಧಿ ಕಡಿಮೆ ಮಾಡಲು ಆಯಿತು. ಪೂರ್ತಿ ಗುಣವಾಯಿತು ಅಂತ ವೈದ್ಯರು ಹೇಳಲಿಲ್ಲ. ಅವರ ಆ ಎಚ್ಚರಿಕೆ ನನಗೆ ಮೆಚ್ಚುಗೆಯಾಯಿತು.

ಇದು ಸಾಧ್ಯವಾದದ್ದಕ್ಕೆ ಒಂದು ಕಾರಣ ಇದೆ. ರಕ್ತಕ್ಕೆ ಬಿಟ್ಟ ಕೊಬ್ಬಿನ ಕಣಗಳು ತಾವಾಗಿಯೇ ಲಿವರ್ ಸೇರುತ್ತವೆ. ಈ ಕಾಯಿಲೆ ಇದ್ದದ್ದೂ ಅಲ್ಲೇ. ಮೂಳೆಮಜ್ಜೆಗೋ ಮಿದುಳಿಗೋ ಕಳಿಸುವುದು ಇಷ್ಟು ಸುಲಭವಲ್ಲ. ಒಂದು ಇಂಜೆಕ್ಷನ್‌ನಿಂದಲೇ ಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ಸುರಕ್ಷಿತವಾಗಿ ತಿದ್ದಿದರು ಅನ್ನುವ ಸುದ್ದಿ ಬಂದ ದಿನ, ಸಿಕಲ್ ಸೆಲ್ ಚಿಕಿತ್ಸೆ ಸಣ್ಣ ಆಸ್ಪತ್ರೆಗೂ ಬರುವ ದಾರಿ ತೆರೆಯುತ್ತದೆ. ನಾನು ಕಾಯುತ್ತಿರುವುದು ಆ ಸುದ್ದಿಗೆ.

ಕೃತಕ ಬುದ್ಧಿಮತ್ತೆಯೂ ಇಲ್ಲಿ ಕೈಜೋಡಿಸುತ್ತಿದೆ. ಆಲ್ಫಾಫೋಲ್ಡ್ ಅನ್ನುವ ಎಐ ಪ್ರೋಗ್ರಾಂ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಊಹಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಜೀನ್ ಕತ್ತರಿಸುವ ಕತ್ತರಿಯೂ ಒಂದು ಪ್ರೋಟೀನೇ, ಹಾಗಾಗಿ ಹೊಸ ಉಪಕರಣ ರೂಪಿಸುವವರಿಗೆ ಇದು ದೊಡ್ಡ ನೆರವು.

ಭ್ರೂಣದ ಮಾತು ಬೇರೆ. 2018ರಲ್ಲಿ ಚೀನಾದ ವಿಜ್ಞಾನಿ ಹ ಜಿಯಾನ್‌ಕ್ವೆ ಭ್ರೂಣಗಳನ್ನು ತಿದ್ದಿ ಅವಳಿ ಮಕ್ಕಳು ಹುಟ್ಟುವಂತೆ ಮಾಡಿದರು, ಜೈಲಿಗೂ ಹೋದರು. ರೋಗಿಯ ಲಿವರ್ ತಿದ್ದಿದರೆ ಅದು ಆ ರೋಗಿಯೊಂದಿಗೇ ಮುಗಿಯುತ್ತದೆ. ಭ್ರೂಣ ತಿದ್ದಿದರೆ ತಪ್ಪೂ ವಂಶದುದ್ದಕ್ಕೂ ಹೋಗುತ್ತದೆ, ಒಪ್ಪಿಗೆ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಇದನ್ನು ಈಗ ಮಾಡಕೂಡದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಉಳಿದದ್ದು ನಿಯಮದ ಪ್ರಶ್ನೆ. ಒಂದೇ ಅಕ್ಷರದ ತಪ್ಪಿನಿಂದ ಬರುವ ಅಪರೂಪದ ಕಾಯಿಲೆಗಳು ಬೇಕಾದಷ್ಟಿವೆ. ಒಂದೊಂದಕ್ಕೂ ರೋಗಿಗಳು ಬೆರಳೆಣಿಕೆಯಷ್ಟು. ಪ್ರತಿ ತಪ್ಪಿಗೂ ಹೊಸ ಔಷಧಿ ಅಂತ ಮೊದಲಿಂದ ಪರೀಕ್ಷೆ ಮಾಡಿದರೆ ಯಾವ ಕಂಪನಿಯೂ ಮುಂದೆ ಬರುವುದಿಲ್ಲ. ಉಪಕರಣ ಅದೇ, ಕೊಬ್ಬಿನ ಕಣ ಅದೇ, ಜಾಗ ತೋರಿಸುವ ಸಣ್ಣ ಆರ್‌ಎನ್‌ಎ ಮಾತ್ರ ಬೇರೆ. ಹಾಗಿರುವಾಗ ಹಲವು ಕಾಯಿಲೆಗಳನ್ನು ಒಂದೇ ಟ್ರಯಲ್‌ನಲ್ಲಿ ಯಾಕೆ ಸೇರಿಸಬಾರದು? ನನ್ನ ಪ್ರಕಾರ ಸೇರಿಸಲೇಬೇಕು. ನಿಮಗೆ ಬೇರೆ ಅಭಿಪ್ರಾಯ ಇದ್ದರೆ ಹೇಳಿ, ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ.