ನ್ಯೂವ್ ಶಾಪೆಲ್‌ನ ಮುಳ್ಳುತಂತಿ

ಉತ್ತರ ಫ್ರಾನ್ಸಿನ ಈ ಹೊಲಗಳಲ್ಲಿ ಎತ್ತ ನೋಡಿದರೂ ನೆಲ ಅಂಗೈಯಂತೆ ಸಮತಟ್ಟಾಗಿದೆ. ಗುಂಡಿನಿಂದ ಮರೆಯಾಗಲು ಒಂದು ದಿಬ್ಬವೂ ಇಲ್ಲ. ನಾನು ನಿಂತಿರುವುದು ನ್ಯೂವ್ ಶಾಪೆಲ್ ಎಂಬ ಹಳ್ಳಿಯ ಹೊರಗೆ. ಮೊದಲನೇ ಮಹಾಯುದ್ಧದ ಕಾಲ, 1915ರ ಮಾರ್ಚ್ 10ರ ಬೆಳಿಗ್ಗೆ ಬ್ರಿಟಿಷರ ಭಾರತೀಯ ಸೇನೆಯ ಗಢವಾಲಿ ಮತ್ತು ಗೂರ್ಖಾ ಸಿಪಾಯಿಗಳು, ಅವರ ಪಕ್ಕದಲ್ಲಿ ಬ್ರಿಟಿಷ್ ಪಡೆಗಳು, ಈ ಬಯಲನ್ನು ದಾಟಿ ಜರ್ಮನ್ ಕಂದಕಗಳ ಮೇಲೆ ದಾಳಿ ಮಾಡಿದರು.

ಆ ಹೊತ್ತಿಗೆ ಯುದ್ಧ ನೆಲದೊಳಗೆ ಇಳಿದು ತಿಂಗಳುಗಳಾಗಿದ್ದವು. ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೂ ಎರಡೂ ಕಡೆಯವರು ಕಂದಕ ತೋಡಿ ಕುಳಿತಿದ್ದರು. ಇಲ್ಲಿ ಸ್ವಲ್ಪ ಅಗೆದರೂ ನೀರು ಬರುವುದರಿಂದ, ಕಂದಕವೆಂದರೆ ಎಷ್ಟೋ ಕಡೆ ಮಣ್ಣು ಮತ್ತು ಮರಳಿನ ಮೂಟೆಗಳನ್ನು ಎದೆಯೆತ್ತರಕ್ಕೆ ಪೇರಿಸಿದ ಗೋಡೆಯೇ ಆಗಿತ್ತು. ತೆಳು ಖಾಕಿ ಬಟ್ಟೆಯಲ್ಲಿ ಮಾರ್ಸೇಲ್ಸ್ ಬಂದರಿಗೆ ಬಂದಿಳಿದ ಭಾರತೀಯ ಸಿಪಾಯಿಗಳು ತಮ್ಮ ಮೊದಲ ಚಳಿಗಾಲವನ್ನು ಇದೇ ಕೆಸರಿನಲ್ಲಿ ಕಳೆದರು. ದಿನಗಟ್ಟಲೆ ತಣ್ಣೀರಿನಲ್ಲಿ ನಿಂತವರ ಪಾದಗಳು ಊದಿ, ಮರಗಟ್ಟಿ, ಕೊಳೆಯುತ್ತಿದ್ದವು.

ಕಂದಕವನ್ನು ನೇರವಾಗಿ ತೋಡುತ್ತಿರಲಿಲ್ಲ. ಕೆಲವು ಗಜಗಳಿಗೊಮ್ಮೆ ಮೂಲೆ ತಿರುಗಿಸುತ್ತಿದ್ದರು; ಒಂದು ಷೆಲ್ ಒಳಗೆ ಬಿದ್ದರೆ ಅದರ ಚೂರುಗಳು ಆ ತಿರುವಿನಲ್ಲೇ ತಡೆಯಲ್ಪಡಬೇಕು, ಶತ್ರು ಒಂದು ಕಡೆ ನುಗ್ಗಿದರೂ ಉದ್ದಕ್ಕೂ ಗುಂಡು ಹಾರಿಸಲಾಗಬಾರದು ಎಂಬುದು ಇದರ ಉದ್ದೇಶ. ಆದ್ದರಿಂದ ಒಳಗೆ ಹೊಕ್ಕ ಮೇಲಿನ ಕಾಳಗವೆಂದರೆ ಪ್ರತಿ ಮೂಲೆಯಲ್ಲೂ ಹೊಸದಾಗಿ ಸಾವಿಗೆ ಎದುರಾಗುವುದು: ತಿರುವಿನಾಚೆ ಕೈಬಾಂಬ್ ಎಸೆಯಬೇಕು, ಅದು ಸಿಡಿದ ತಕ್ಷಣ ಬಯೊನೆಟ್ ಹಿಡಿದು ಒಬ್ಬ ಮೊದಲು ನುಗ್ಗಬೇಕು. ಆ ದಿನ 39ನೇ ಗಢವಾಲ್ ರೈಫಲ್ಸ್‌ನ ಎರಡನೇ ಬೆಟಾಲಿಯನ್ನಿನಲ್ಲಿ ಹಾಗೆ ಮೊದಲಿಗನಾಗಿ ಒಂದೊಂದೇ ತಿರುವು ದಾಟಿ, ಎದುರಾಳಿಗಳು ಶರಣಾಗುವವರೆಗೆ ಅವರನ್ನು ಹಿಂದೊತ್ತಿದವನು ಗಬ್ಬರ್ ಸಿಂಗ್ ನೇಗಿ. ಅಲ್ಲಿಯೇ ಮಡಿದ ಅವನಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂದಿತು.

ಆದರೆ ಕಂದಕದವರೆಗೆ ತಲುಪುವುದೇ ಅತಿ ಕಠಿಣವಾಗಿತ್ತು, ಏಕೆಂದರೆ ಅದರ ಮುಂದೆ ಮುಳ್ಳುತಂತಿಯ ಬೇಲಿ ಇತ್ತು. ತಂತಿ ತಾನಾಗಿ ಯಾರನ್ನೂ ಕೊಲ್ಲುತ್ತಿರಲಿಲ್ಲ. ಓಡಿ ಬಂದವರನ್ನು ಕೆಲವು ನಿಮಿಷ ನಿಲ್ಲಿಸುತ್ತಿತ್ತು, ಮೆಷಿನ್‌ಗನ್ನಿಗೆ ಅಷ್ಟು ಸಾಕಾಗಿತ್ತು. ದಾಳಿಗೆ ಮುನ್ನ 35 ನಿಮಿಷ ಫಿರಂಗಿಗಳು ಗುಡುಗಿದವು. ತಂತಿ ತುಂಡಾದ ಕಡೆ ಸೈನಿಕರು ಬೇಗನೆ ಹಳ್ಳಿಯೊಳಗೆ ನುಗ್ಗಿದರು. ಅದೇ ಗಢವಾಲ್ ರೈಫಲ್ಸ್‌ನ ಮೊದಲನೇ ಬೆಟಾಲಿಯನ್ ಮಾತ್ರ ದಿಕ್ಕು ತಪ್ಪಿ ಬಲಕ್ಕೆ ಸರಿದು, ಒಂದು ಎಳೆಯೂ ಕತ್ತರಿಸದ ಬೇಲಿಗೆ ಎದುರಾಗಿ ಅಪಾರ ಸಾವುನೋವು ಕಂಡಿತು. ಬೆಟಾಲಿಯನ್ನುಗಳೆರಡು, ರೆಜಿಮೆಂಟ್ ಒಂದೇ, ಬೆಳಗೂ ಒಂದೇ. ಯಾರಿಗೆ ಯಾವ ಗತಿ ಎಂಬುದನ್ನು ತಂತಿಯೇ ನಿರ್ಧರಿಸಿತೆಂದು ಈ ಬಯಲನ್ನು ನೋಡುತ್ತಾ ನನಗೆ ಅನ್ನಿಸುತ್ತದೆ.

ಈ ತಂತಿಯನ್ನು ಒಡೆಯುವ ಒಂದು ಸಾಧನ ಹುಟ್ಟಿದ್ದು ನನ್ನ ಊರಿನಲ್ಲಿ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಬೆಂಗಳೂರಿನಲ್ಲಿ ರೂಪಿಸಿದ ಇದು, ಸ್ಫೋಟಕ ತುಂಬಿದ ಉದ್ದನೆಯ ಕೊಳವೆ. ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ತೆವಳುತ್ತಾ ಬೇಲಿಯ ಅಡಿಗೆ ತಳ್ಳಿ ಸಿಡಿಸಿದರೆ ಆಳು ನುಗ್ಗುವಷ್ಟು ದಾರಿಯಾಗುತ್ತಿತ್ತು. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲೂ ಸೈನಿಕರು ಬಳಸಿದ ಆ ಕೊಳವೆಗೆ ಇಂದಿಗೂ ಬೆಂಗಳೂರು ಟಾರ್ಪೆಡೊ ಎಂದೇ ಹೆಸರು. ಹಲಸೂರು ಕೆರೆಯ ಪಕ್ಕದ ಆ ಪಡೆಯ ಕೇಂದ್ರವನ್ನು ಎಷ್ಟೋ ಬಾರಿ ಹಾದುಹೋಗಿದ್ದರೂ, ಇಲ್ಲಿಗೆ ಬರುವವರೆಗೆ ಆ ಕೊಳವೆಯನ್ನು ಹಿಡಿದು ಕತ್ತಲಲ್ಲಿ ತೆವಳಿದವನ ಬಗ್ಗೆ ನಾನು ಯೋಚಿಸಿರಲಿಲ್ಲ.

ಹಳ್ಳಿ ಕೈವಶವಾಯಿತು, ಅದರಾಚೆಗೆ ಹೋಗಲಾಗಲಿಲ್ಲ. ದೂರವಾಣಿ ತಂತಿಗಳು ಷೆಲ್ಲುಗಳಿಗೆ ಸಿಕ್ಕಿ ಕತ್ತರಿಸಿಹೋಗಿ ಆದೇಶಗಳು ತಡವಾದವು. ಅಷ್ಟರಲ್ಲಿ ಜರ್ಮನ್ನರು ಹಿಂದೆ ಹೊಸ ಸಾಲನ್ನು ಭದ್ರಪಡಿಸಿಕೊಂಡರು. ಮಾರ್ಚ್ 13ಕ್ಕೆ ದಾಳಿ ನಿಂತಾಗ ಭಾರತೀಯ ದಳವೊಂದರಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 4,200ಕ್ಕೂ ಹೆಚ್ಚು ಮಂದಿ.

1927ರಲ್ಲಿ ಇಲ್ಲಿ ತೆರೆದ ಸ್ಮಾರಕದ ವೃತ್ತಾಕಾರದ ಗೋಡೆಯ ಮೇಲೆ, ಸಮಾಧಿಯೇ ಗುರುತಾಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಗಢವಾಲ್ ರೈಫಲ್ಸ್‌ನ ಪಟ್ಟಿಯಲ್ಲಿ ಗಬ್ಬರ್ ಸಿಂಗನೂ ಇದ್ದಾನೆ. ಬ್ರಿಟಿಷರ ದಾಖಲೆ ಅವನನ್ನು ‘ಗೋಬರ್ ಸಿಂಗ್’ ಎಂದು ಬರೆದುಕೊಂಡಿತು. ಉತ್ತರಾಖಂಡದ ಚಂಬಾದಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳಿನಲ್ಲಿ ಅವನ ನೆನಪಿಗಾಗಿ ನಡೆಯುವ ಜಾತ್ರೆಗೆ ಮಾತ್ರ ಜನ ಇಟ್ಟುಕೊಂಡಿರುವುದು ಗಬ್ಬರ್ ಸಿಂಗ್ ಎಂಬ ಹೆಸರನ್ನೇ.